ಗಜ್ಜರಿಯ ಮೀನು

ಗಜ್ಜರಿ ಕೊಯ್ಯುವಾಗ ಕಾಕಾ ಉಸಿರು ಹಿಡಿಯುತ್ತಿದ್ದರು. ಬೆಂಗಳೂರಿನವರು ಕ್ಯಾರೆಟ್ಟು ಅನ್ನುತ್ತಾರಲ್ಲ, ಅದೇ ಗಜ್ಜರಿ. ಚಾಕುವಿನ ಬುಡವನ್ನು ಅದರ ಮೇಲಿಟ್ಟು, ಒಂದೇ ಎಳೆತದಲ್ಲಿ ತುದಿಯವರೆಗೂ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಒತ್ತುವುದಿಲ್ಲ, ಗರಗಸದ ಹಾಗೆ ಹಿಂದೆ ಮುಂದೆ ಆಡಿಸುವುದಿಲ್ಲ. ಬಿದ್ದ ಹೋಳನ್ನು ಎತ್ತಿ ಹಿಡಿದರೆ ಅದರಾಚೆ ಕಿಟಕಿ ಕಾಣಬೇಕು. ಕಂಡ ಮೇಲೆ ಉಸಿರು ಬಿಟ್ಟು, ಗಂಟಲು ಒಮ್ಮೆ ಸರಿಮಾಡಿಕೊಂಡು, "ಮೀನಿಗೆ ಎರಡನೇ ಸಲ ಚಾಕು ತೋರಸಬಾರ್ದು ನೋಡು" ಅನ್ನುತ್ತಿದ್ದರು.

ಎದುರಿಗೆ ಮೀನು ಇರುತ್ತಿರಲಿಲ್ಲ. ಆ ಅಡುಗೆಮನೆಗೆ ಈರುಳ್ಳಿಗೂ ಪ್ರವೇಶವಿರಲಿಲ್ಲ.

ಕಾಕಾ ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಬರೆಯುವ ಅರ್ಹತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ; ಅವರ ಧ್ವನಿಯನ್ನಂತೂ ನಾನು ಈ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತೆಗೆಯಬಲ್ಲೆ. ನನ್ನ ಕಸುಬೇ ಅದು. ಹೊಟ್ಟೆಪಾಡಿಗೆ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ: ಜನರ ಬೆರಳಿಗೆ ಸೂಜಿ ಚುಚ್ಚುವುದು, ಅವರು ಡಬ್ಬಿಯಲ್ಲಿ ಮುಚ್ಚಿ ತಂದದ್ದನ್ನು ತೆರೆದು ನೋಡುವುದು. ಉಳಿದ ಹೊತ್ತು ಕಂಡವರ ನಕಲು. ನರೋಣಾದ ನಮ್ಮ ಓಣಿಯಲ್ಲಿ ಶುರುವಾದ ರೋಗ ಆಳಂದದ ಕಾಲೇಜಿನಲ್ಲಿ ಉಲ್ಬಣಿಸಿ, ಗಾಣಗಾಪುರದಲ್ಲಿ ಕೆಲಸಕ್ಕೆ ಸೇರಿದ ಎಂಟೇ ದಿನಕ್ಕೆ ಊರವರು ನನಗೆ 'ನಕಲಿ' ಎಂದು ಹೆಸರಿಡುವಷ್ಟಾಯಿತು. ಅಪ್ಪ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು. ಡಾಕ್ಟರು, ಕಂಡಕ್ಟರು, ಕಾರಿನ ಗಾಜು ಇಳಿಸಿ ದಾರಿ ಕೇಳುವ ಪುಣೆಯ ಭಕ್ತರು, ಯಾರನ್ನೂ ಬಿಟ್ಟವನಲ್ಲ. ನಿನ್ನ ಸ್ವಂತ ಧ್ವನಿ ಯಾವುದಪ್ಪ ಎಂದು ಕೇಳಿದರೆ, ಮೇಲಧಿಕಾರಿಯ ಮುಂದೆ "ಹೌದ್ರಿ ಸಾಹೇಬ್ರ" ಅನ್ನುವಾಗ ಬಾಗಿಲ ಸಂದಿಗೆ ಸಿಕ್ಕ ಇಲಿಮರಿಯ ಹಾಗೆ ಕೀಚಲಾಗಿ ಹೊರಡುತ್ತದಲ್ಲ, ಅದೇ.

ಊರೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಅವರದು ಗಾಣಗಾಪುರದಲ್ಲಿ ಯಾತ್ರಿಕರ ಲಾಡ್ಜು. ಎಂಟು ಕೋಣೆ, ಕೆಳಗೆ ಊಟದ ಪಡಸಾಲೆ, ಹಿಂದೆ ಅಡುಗೆಮನೆ. ಮೇಲಿನ ಮೂಲೆಯ ಕೋಣೆಯಲ್ಲಿ ತಿಂಗಳ ಬಾಡಿಗೆಗೆ ನಾನಿದ್ದೆ. ಬಿಳಿ ಪಂಚೆ, ಹೆಗಲ ಮೇಲೆ ಒದ್ದೆ ಟವೆಲ್ಲು, ಹಣೆಯ ಮೇಲೆ ಗಂಧ. ಈ ಮನುಷ್ಯ ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ಮುಖ್ಯ ಅಡುಗೆಯವನಾಗಿದ್ದ ಎಂದು ಯಾರಾದರೂ ಹೇಳಿದ್ದರೆ, ಅವರನ್ನು ರಕ್ತ ಪರೀಕ್ಷೆಗೆ ಕರೆಯುತ್ತಿದ್ದೆ.

ಲಾಡ್ಜನ್ನು ನೋಡಿಕೊಳ್ಳುತ್ತಿದ್ದವರು ಅವರ ಅಣ್ಣ. ಅಣ್ಣ ತೀರಿಕೊಂಡ ಸುದ್ದಿ ತಲುಪಿದಾಗ ಹಡಗು ಯಾವುದೋ ಬಂದರಿನಲ್ಲಿತ್ತಂತೆ. ಹದಿಮೂರು ದಿನದ ಕಾರ್ಯ ಮುಗಿಸಿ ಬರುತ್ತೇನೆಂದು ಕಾಕಾ ಒಂದು ಟ್ರಂಕು ಹಿಡಿದು ಬಂದರು. ಮದುವೆ ಮಾಡಿಕೊಂಡವರಲ್ಲ, ಕಾಯುವವರಿರಲಿಲ್ಲ. ಹದಿನಾಲ್ಕನೆಯ ದಿನ ಅವರ ತಾಯಿ, ಎಂಬತ್ತು ದಾಟಿದ ಆಯಿ, ಸೊಸೆಯೂ ಇಲ್ಲದ ಆ ಮನೆಯಲ್ಲಿ ಒಂದು ಕಾನೂನು ಹೇಳಿದರು: "ನನ್ನ ಹೊಟ್ಟ್ಯಾಗ ಹುಟ್ಟಿದವರ ಕೈಯಿಂದ ಬಿಟ್ರ ಬ್ಯಾರೆ ಕೈ ಅನ್ನ ನನಗ ಇಳಿಯಂಗಿಲ್ಲ." ಕಾಕಾ ಒಬ್ಬ ಅಡುಗೆಯವನನ್ನು ಇಟ್ಟು ನೋಡಿದರು. ಆಯಿ ಎರಡು ದಿನ ಬರೀ ತೀರ್ಥ ಕುಡಿದು ಕೂತರು. ಅಣ್ಣನ ಮಗಳು ಅಫಜಲಪುರದಲ್ಲಿದ್ದಳು, ಅಜ್ಜಿಯನ್ನು ಕರೆದುಕೊಂಡು ಹೋಗುತ್ತೇನೆ ಅಂದಳು. "ಅಕಿ ಬ್ಯಾರೆ ಮನಿಗೆ ಹೋದಾಕಿ" ಎಂದು ಅದೂ ತೀರ್ಮಾನವಾಯಿತು. ಮೂರನೆಯ ದಿನ ಕಾಕಾ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು ಒಲೆ ಹೊತ್ತಿಸಿದರು. ನಾನು ಆ ಊರಿಗೆ ಹೋಗುವ ಹೊತ್ತಿಗೆ ಹಾಗೆ ಹೊತ್ತಿಸಿ ಆರು ವರ್ಷವಾಗಿತ್ತು.

ಮಗ ಹಡಗಿನಲ್ಲಿ ಕಾಗದಪತ್ರ ಬರೆಯುವ ಕೆಲಸದಲ್ಲಿದ್ದ ಎಂದು ಆಯಿಯ ತಿಳಿವಳಿಕೆ. ಹಾಗೆಂದು ಕಾಕಾ ಮೊದಲ ರಜೆಯಲ್ಲೇ ಹೇಳಿದ್ದರು. ಆ ಕೈಗಳು ಇಪ್ಪತ್ತೆರಡು ವರ್ಷ ಮೀನಿನ ಹೊಟ್ಟೆ ಸೀಳಿವೆ ಎಂದು ತಿಳಿದರೆ ತಾಟು ಪಕ್ಕಕ್ಕೆ ಸರಿಯುವುದು ಖಂಡಿತ.

ನನಗೆ ತಿಳಿದದ್ದು ಗಜ್ಜರಿಯಿಂದಲೇ. ಒಂದು ಮಧ್ಯಾಹ್ನ ಮೂರರ ಹೊತ್ತು. ಆಯಿ ನಡುಮನೆಯಲ್ಲಿ ಮಲಗಿದ್ದರು. ನೀರು ಕೇಳಲು ಅಡುಗೆಮನೆಗೆ ಹೋದವನು ಅವರ ಕೊಯ್ತ ನೋಡಿ ಸುಮ್ಮನಿರಲಾರದೆ, ನಮ್ಮ ಡಾಕ್ಟರ ಧ್ವನಿ ತೆಗೆದು, "ಏನ್ರೀ, ಗಜ್ಜರಿಗೆ ಆಪರೇಷನ್ ಮಾಡಾಕತ್ತೀರಿ? ಮನಿಯವರ ಸಹಿ ತಗೊಂಡೀರೇನು?" ಅಂದೆ.

ಕಾಕಾ ನಡುಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಮೆಲ್ಲಗೆ, "ಲೇ ನಕಲಿ, ಇದು ಗಜ್ಜರಿ ಅಲ್ಲ. ಸ್ವೀಡನ್ದಾಗ ಇದು ಮೀನು" ಅಂದರು.

ಅಂದು ಶುರುವಾಯಿತು ನೋಡಿ. ಸ್ವೀಡನ್ನಿನವರು ಕೆಂಪು ಮಾಂಸದ ಸಾಲ್ಮನ್ ಮೀನಿಗೆ ಉಪ್ಪು, ಸಕ್ಕರೆ ಸವರಿ, ಸಬ್ಬಸಿಗೆ ಸೊಪ್ಪನ್ನು ಹಾಸಿಗೆ ಹೊದಿಕೆಯ ಹಾಗೆ ಹಾಕಿ, ಮೇಲೆ ಭಾರ ಇಟ್ಟು ಎರಡು ದಿನ ಬಿಡುತ್ತಾರಂತೆ. ಹಿಂದಿನ ಕಾಲದಲ್ಲಿ ನೆಲದಲ್ಲಿ ಹೂಳುತ್ತಿದ್ದರಂತೆ. ಅದರ ಹೆಸರಿನಲ್ಲೇ ಹೂತ ಮೀನು ಅನ್ನುವ ಅರ್ಥವಿದೆಯಂತೆ. "ಸಬ್ಬಸಗಿ! ನಮ್ಮ ಸಬ್ಬಸಗೀನೋ! ಅಷ್ಟು ದೂರ ಹೋಗಿ ಆ ಥಂಡ್ಯಾಗ ಮೂಗಿಗೆ ಸಬ್ಬಸಗಿ ವಾಸನಿ ಬಡದಾಗ ನನಗ ಅವ್ವನ ಪಲ್ಯಾ ನೆನಪಾಗಿ ಕಣ್ಣಾಗ ನೀರು. ಈಗ ಇಲ್ಲಿ ಅವ್ವಗ ಸಬ್ಬಸಗಿ ಪಲ್ಯಾ ಮಾಡುಮುಂದ ಆ ಮೀನು ನೆನಪಾಗ್ತದ. ಎಲ್ಲಿದ್ರೂ ಇನ್ನೊಂದು ಕಡೀದ ನೆನಪು, ಹಾಳಾದ ಬಾಳೇವು." ಹೀಗೆ ಹೇಳುತ್ತಲೇ ಗಜ್ಜರಿಯ ಹೋಳುಗಳಿಗೆ ಉಪ್ಪು ಸಕ್ಕರೆ ಸಬ್ಬಸಿಗೆ ಹಾಕಿ, ಚಟ್ನಿ ಅರೆಯುವ ಗುಂಡುಕಲ್ಲನ್ನು ಎತ್ತಿ ಮೇಲಿಟ್ಟರು.

"ಬೆಂಕಿ ಅಂಬೋದು ಗಡಿಬಿಡಿ ಮಂದೀದು," ಅನ್ನುವುದು ಅವರ ಇನ್ನೊಂದು ಮಾತು. "ಉಪ್ಪಿಗೆ ಟೈಮ್ ಕೊಡು, ಮ್ಯಾಲೆ ಭಾರ ಇಡು. ಒಳಗಿನ ನೀರೆಲ್ಲಾ ಬಿಟ್ಟು ಬಿಗಿ ಆಗ್ತದ. ಬೆಂದಿರಂಗಿಲ್ಲ, ಹಸೀನೂ ಇರಂಗಿಲ್ಲ. ಕೆಡಂಗಿಲ್ಲ ಮಾತ್ರ."

"ನಿಮ್ಮಂಗ, ಕಾಕಾ" ಅಂದೆ. ಹಲ್ಲು ಕಿರಿದೇ ಅಂದದ್ದು. ಅವರು ಗುಂಡುಕಲ್ಲನ್ನು ಎತ್ತಿ ಮತ್ತೆ ನಡುವಿಗೆ ಸರಿಯಾಗಿ ಕೂರಿಸಿ, ಆಮೇಲೆ ಜೋರಾಗಿ ನಕ್ಕರು. ನಗು ಬರಲು ಅಷ್ಟು ತಡವಾದದ್ದು ನನಗೆ ಹಿಡಿಸಲಿಲ್ಲ.

ಆ ಮೇಲೆ ಮೂರು ಗಂಟೆಯೆಂದರೆ ನಮ್ಮ ಕ್ಲಾಸು. ತಿಳಿಗೊಬ್ಬರಿಯನ್ನು, ಅಂದರೆ ಎಳನೀರಿನೊಳಗಿನ ಮೆತ್ತನೆಯ ಕೆನೆಯನ್ನು, ಎಳೆ ಎಳೆಯಾಗಿ ಕೊಯ್ದು ಲಿಂಬೆರಸದಲ್ಲಿ ಅದ್ದಿದರೆ ಅದು ಪೆರು ದೇಶ. ಅಲ್ಲಿ ಹಸಿ ಮೀನಿನ ತುಂಡಿಗೆ ಲಿಂಬೆ ಹಿಂಡಿ, ಈರುಳ್ಳಿ, ಮೆಣಸಿನಕಾಯಿ ಹಾಕಿದರೆ ಒಲೆಯಿಲ್ಲದೆಯೇ ಮೀನು ಬೆಳ್ಳಗಾಗುತ್ತದಂತೆ. ತಳದಲ್ಲಿ ಉಳಿಯುವ ಹುಳಿ ನೀರಿಗೆ ಅವರ ಭಾಷೆಯಲ್ಲಿ ಹುಲಿಹಾಲು ಎಂದು ಹೆಸರಂತೆ. ನಾನು ನಗುತ್ತ ಹೊಟ್ಟೆ ಹಿಡಿದುಕೊಂಡೆ. ಮುಲ್ಲಂಗಿಯ ತೆಳು ಹೋಳು ಜಪಾನು. ಹಡಗಿನಲ್ಲಿ ಜೊತೆಗಿದ್ದ ಫಿಲಿಪೈನ್ಸಿನವರು ಲಿಂಬೆಯ ಬದಲು ವಿನೆಗರ್ ಹಾಕಿ ಶುಂಠಿ ಜಜ್ಜುತ್ತಿದ್ದರಂತೆ, ಅದಕ್ಕೆ ಸೌತೆಕಾಯಿ. ಇಟಲಿಯಲ್ಲೊಂದು ಕಡೆ ಮೀನಿನ ಮೊಟ್ಟೆಯ ಚೀಲವನ್ನೇ ಉಪ್ಪಿನಲ್ಲಿಟ್ಟು ಒಣಗಿಸಿ, ಬೆಲ್ಲದ ಅಚ್ಚಿನಂತೆ ಗಟ್ಟಿಯಾದ ಮೇಲೆ ಅನ್ನಕ್ಕೆ ಕೊಬ್ಬರಿ ತುರಿದ ಹಾಗೆ ಶ್ಯಾವಿಗೆಯ ಮೇಲೆ ತುರಿಯುತ್ತಾರಂತೆ. ಅದಕ್ಕೆ ಸಮನಾದದ್ದು ಮಾತ್ರ ಅವರಿಗೆ ನಮ್ಮ ಸಂತೆಯಲ್ಲಿ ಸಿಗಲೇ ಇಲ್ಲ. ಡಚ್ಚರು ಉಪ್ಪು ನೀರಿನಲ್ಲಿಟ್ಟ ಹಸಿ ಹೆರಿಂಗ್ ಮೀನನ್ನು ಬಾಲ ಹಿಡಿದೆತ್ತಿ, ತಲೆ ಹಿಂದಕ್ಕೆ ಬಾಗಿಸಿ, ಹೆಚ್ಚಿದ ಈರುಳ್ಳಿಯ ಸಮೇತ ಬಾಯಿಗೆ ಇಳಿಬಿಡುವುದನ್ನು ಕಾಕಾ ಟವೆಲ್ಲಿನ ತುದಿಯನ್ನು ಬಾಯಿಗಿಟ್ಟು ತೋರಿಸಿದಾಗ, ನಕಲು ಮಾಡುವುದರಲ್ಲಿ ನನಗೂ ಒಬ್ಬ ಗುರು ಸಿಕ್ಕ ಎನಿಸಿತು.

"ಕಾಕಾ, ಹಸಿ ಮೀನಿನ್ಯಾಗ ಹುಳ ಇರ್ತಾವ. ಆ ಮಂದೀದು ಡಬ್ಬಿ ನನ್ನ ಹತ್ರ ಕಳಿಸಿದ್ರ ನಾ ತೋರಿಸ್ತೇನಿ."

"ಅದಕ್ಕs ಮೊದಲು ಕಲ್ಲಿನಂಗ ಬರ್ಫ ಮಾಡ್ತಾರಪಾ, ದಿನಗಟ್ಟಲೆ ಇಡ್ತಾರ, ಹುಳ ಸಾಯ್ತಾವ. ನೀ ಬರೇ ಡಬ್ಬಿ ನೋಡಾಂವ, ಏನ್ ಗೊತ್ತು? ಐಸ್‌ಲ್ಯಾಂಡ್ದಾಗ ಶಾರ್ಕ್ ಮೀನು ಕೊಳಿಸಿ, ತಿಂಗಳಗಟ್ಟಲೆ ಗಾಳಿಗೆ ತೂಗಹಾಕಿ ತಿಂತಾರ. ಬಾಯಾಗ ಇಟ್ಕೊಂಡೆ ನೋಡು, ನಿನ್ನ ಲ್ಯಾಬ್ ನೆನಪಾತು."

"ಆಗ ನನ್ನ ಲ್ಯಾಬ್ ಎಲ್ಲಿತ್ತು ಕಾಕಾ? ನಾ ಚಡ್ಡಿ ಹಾಕ್ಕೊಂಡು ಸಾಲಿಗೆ ಹೋಗತಿದ್ದೆ."

"ಹಂಗಾರ ಈಗ ನಿನ್ನ ಲ್ಯಾಬಿಗೆ ಬಂದ್ರ ಐಸ್‌ಲ್ಯಾಂಡ್ ನೆನಪಾಗ್ತದ. ಎರಡೂ ಒಂದs."

ಮಾಡಿದ್ದನ್ನು ಏನು ಮಾಡುತ್ತಿದ್ದರು ಗೊತ್ತೆ? ಮಾರನೆಯ ದಿನ ಕೋಸಂಬರಿ ಎಂದು ಬಡಿಸುತ್ತಿದ್ದರು. ಗಾಣಗಾಪುರದಲ್ಲಿ ಮಧ್ಯಾಹ್ನ ಮಧುಕರಿಯ ಹೊತ್ತು. ಹರಕೆ ಹೊತ್ತವರು, ಅವರು ಎಷ್ಟೇ ದೊಡ್ಡ ಕಾರಿನಲ್ಲಿ ಬಂದಿರಲಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಐದು ಮನೆಯ ಬಾಗಿಲಲ್ಲಿ ಭಿಕ್ಷೆ ಬೇಡಬೇಕು. ಆಯಿ ಹೊಸ್ತಿಲಲ್ಲಿ ಕೂತು ತಮ್ಮ ಕೈಯಾರೆ ನೀಡುತ್ತಿದ್ದರು. ಪುಣೆಯವರ ಜೋಳಿಗೆಗೆ ಸ್ವೀಡನ್, ಸೊಲ್ಲಾಪುರದವರ ತಾಟಿಗೆ ಪೆರು. ಕಣ್ಣು ಮುಚ್ಚಿ, ಹಣೆಗೊತ್ತಿಕೊಂಡು ತಿಂದು, "ಆಯಿ, ಪ್ರಸಾದ ಭಾಳ ರುಚಿ ಅದರಿ" ಅನ್ನುತ್ತಿದ್ದರು. ಕಾಕಾ ಒಳಗಿನಿಂದ ನನ್ನತ್ತ ಒಂದು ಹುಬ್ಬು ಏರಿಸುತ್ತಿದ್ದರು. ಆರು ವರ್ಷದಲ್ಲಿ ಅವರಿಗೆ ದಕ್ಕಿದ್ದ ಸ್ವಾತಂತ್ರ್ಯವೆಂದರೆ ಆ ಒಂದು ಹುಬ್ಬು.

ಅಡುಗೆಮನೆಯ ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಅದರಾಚೆ ಹೊಳೆಗೆ ಇಳಿಯುವ ಓಣಿ. ಸರಳು ಹಿಡಿದು ನಿಂತು ಒಂದು ದಿನ ಅಂದರು: "ಈ ಭೀಮಾ ನೀರು ಹೋಗಿ ಕೃಷ್ಣಾಕ್ಕ ಸೇರಿ ಸಮುದ್ರಕ್ಕ ಹೋಗ್ತದ. ಅದಕ್ಕ ಪಾಸ್‌ಪೋರ್ಟ್ ಬ್ಯಾಡ, ಅವ್ವನ ಅಪ್ಪಣಿ ಬ್ಯಾಡ." ನಾನು ಏನಾದರೂ ತಮಾಷೆ ಮಾಡಲೆಂದು ಕಾದರು. ನಾನು ಮಣೆಯ ಮೇಲಿನ ಒಂದು ಗಜ್ಜರಿ ಹೋಳು ಎತ್ತಿ ಬಾಯಿಗೆ ಹಾಕಿಕೊಂಡೆ.

ಅದೇ ವರ್ಷ ಮಳೆಗಾಲದ ಕೊನೆಗೆ ಮುಂಬೈಯ ಏಜೆಂಟನ ಫೋನು ಬಂತು. ಹಡಗಿನವರಿಗೆ ಒಂದು ಪುಸ್ತಕವಿರುತ್ತದೆ, ಅದಿಲ್ಲದೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಕಾಕಾ ಅವರ ಪುಸ್ತಕದ ಅವಧಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಹೊರಟುಬಂದರೆ ಒಂದು ಹಡಗಿನಲ್ಲಿ ಜಾಗ ಇದೆ, ಪುಸ್ತಕವನ್ನೂ ಮುಂದುವರಿಸಿಕೊಳ್ಳಬಹುದು. ತಪ್ಪಿದರೆ ಆ ವಯಸ್ಸಿಗೆ ಮತ್ತೆ ಯಾರೂ ಕರೆಯುವುದಿಲ್ಲ. ಹಡಗು ಪೆರುವಿಗೆ ಹೋಗುವುದಿತ್ತು.

ಮಾರನೆಯ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನನ್ನ ಲ್ಯಾಬಿಗೆ ಬಂದು ಕೈ ಚಾಚಿದರು. "ಸಕ್ಕರಿ ನೋಡು. ಏರಿದ್ರ ಹಡಗು ಹತ್ತಸಂಗಿಲ್ಲ. ನಕಲಿ ಮಾಡಬ್ಯಾಡ, ಖರೇ ಹೇಳು." ಸಕ್ಕರೆ ಸರಿಯಾಗಿತ್ತು. ಹೇಳಿದೆ. ಅವರ ಮುಖ ಹದಿನೆಂಟರ ಹುಡುಗನದಾಯಿತು.

"ಆಯಿಗೆ ಹೇಳ್ರಿ ಮತ್ತ, ಹೋಗ್ತೇನಿ ಅಂತ."

"ಹ್ಯಾಂಗ ಹೇಳ್ಲಿ? ಹೇಳಿದ ದಿನಾನೇ ಊಟ ಬಿಡ್ತಾಳ. ಆರು ವರ್ಷ ಆತು, ಬಾಯಿ ತನಕ ಬಂದ ಮಾತು ಗಂಟಲಾಗs ನಿಲ್ತದ." ಗಂಟಲು ಸರಿಮಾಡಿಕೊಂಡರು. "ನೋಡು, ಒಂದು ಹಾದಿ ಅದ. ನನ್ನ ಕೈ ಕೆಟ್ಟದ್ದು ಅಂತ ಅಕಿಗೆ ಗೊತ್ತಾಗಬೇಕು. ಮೀನು ಕೊಯ್ದ ಕೈ ಅಂತ ಗೊತ್ತಾದ್ರ ತಾಟು ಸರಸ್ತಾಳ. ನನ್ನ ಕೈಗಿಂತ ಮೊಮ್ಮಗಳ ಕೈ ಛಲೋ ಅಂತ ತಾನs ಅಫಜಲಪುರಕ್ಕ ಹೋಗ್ತಾಳ. ಉಪವಾಸ ಇರೂದಿಲ್ಲ, ನನ್ನ ಮ್ಯಾಲೆ ಸಿಟ್ಟು ಅಷ್ಟs. ಸಿಟ್ಟು ತಡಕೋತೇನಿ."

"ಹೇಳ್ರಿ ಹಂಗಾರ."

"ನನ್ನ ಬಾಯಿಂದ ಬರಂಗಿಲ್ಲೋ. ನೀ ನನ್ನ ಧ್ವನಿ ತೆಗೀತಿಯಲ್ಲ. ನಾಳಿ ಊಟದ ಹೊತ್ತಿನ್ಯಾಗ, ಎಲ್ಲಾರ ಮುಂದ, ನನ್ನ ಧ್ವನಿಲೇ ನೀ ಹೇಳು."

ಐವತ್ತು ದಾಟಿದ ಮನುಷ್ಯ, ಅರ್ಧ ಪ್ರಪಂಚ ತಿರುಗಿದವನು, ತನ್ನ ಮಾತನ್ನು ಆಡಲು ಒಬ್ಬ ನಕಲಿಯನ್ನು ಗೊತ್ತುಮಾಡಿಕೊಳ್ಳುತ್ತಿದ್ದಾನೆ. ನನಗೆ ಹೆಮ್ಮೆಯಾಯಿತು. ನನ್ನ ಕಸುಬು ಮೊದಲ ಸಲ ಒಂದು ಕೆಲಸಕ್ಕೆ ಬರುವುದಿತ್ತು.

ಮರುದಿನ ಸೊಲ್ಲಾಪುರದ ಒಂದು ಕುಟುಂಬ ಪಂಕ್ತಿಯಲ್ಲಿತ್ತು. ಮಧುಕರಿ ಮುಗಿಸಿ ಆಯಿ ತಮ್ಮ ಮೂಲೆಯ ಮಣೆಯ ಮೇಲೆ ತಾಟಿನ ಮುಂದೆ ಕೂತಿದ್ದರು. ಕಾಕಾ ಬಡಿಸುತ್ತಿದ್ದರು. ನಾನು ಡಾಕ್ಟರಿಂದ ಶುರುಮಾಡಿದೆ, ಕಂಡಕ್ಟರಿಗೆ ಬಂದೆ, ಕಾರಿನೊಳಗಿಂದಲೇ ಜೋಳಿಗೆ ಚಾಚುವ ಪುಣೆಯವರನ್ನು ಮಾಡಿದೆ. ನಗೆ ಏರಿದಾಗ ಕಾಕಾ ಅವರ ಹಾಗೆ ಒಂದು ಟವೆಲ್ಲನ್ನು ಹೆಗಲಿಗೆ ಎಸೆದು, ಗಂಟಲು ಸರಿಮಾಡಿಕೊಂಡೆ.

"ನಾ ಹಡಗಿನ್ಯಾಗ ಕಾಗದ ಬರದಾಂವ ಅಲ್ಲ. ಅಡಿಗಿ ಮಾಡಿದಾಂವ. ಇಪ್ಪತ್ತೆರಡು ವರ್ಷ ಈ ಕೈಲೇ ಮೀನು ಕೊಯ್ದೀನಿ. ಜಪಾನದಾಗ ಹಸೀದs ತಿಂದೀನಿ, ಸ್ವೀಡನ್ದಾಗ ಉಪ್ಪು ಹಚ್ಚಿದ್ದು ತಿಂದೀನಿ, ಪೆರುದಾಗ ಲಿಂಬಿಹಣ್ಣಿನ್ಯಾಗ ಅದ್ದಿದ್ದು ತಿಂದೀನಿ. ಈ ಕೈ ಅದs ಕೈ."

ಧ್ವನಿ ಎಷ್ಟು ಬರೋಬ್ಬರಿ ಬಂತೆಂದರೆ ನನಗೇ ಮೈ ಜುಂ ಎಂದಿತು. ನಗೆ ನಿಂತಿತು. ಸೊಲ್ಲಾಪುರದ ಹಿರಿಯರ ತುತ್ತು ಬಾಯಿಯ ಹತ್ತಿರ ಬಂದು ನಿಂತಿತ್ತು. ಕಾಕಾ ಸೌಟು ಹಿಡಿದು, ತಾಯಿಯ ತಾಟನ್ನೇ ನೋಡುತ್ತಿದ್ದರು. ಆ ತಾಟು ನಾಲ್ಕು ಬೆರಳು ಸರಿದರೆ ಸಾಕು, ಅವರು ಸೊಲ್ಲಾಪುರದ ಬಸ್ಸು ಹತ್ತಿ ಮುಂಬೈಯ ರೈಲು ಹಿಡಿಯಬಹುದಿತ್ತು. ಟ್ರಂಕು ಕಟ್ಟಿ ಮಂಚದ ಕೆಳಗೆ ಇಟ್ಟಿದ್ದರು.

ಆಯಿ ಬಾಯಿಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ತಾಟನ್ನು ಮುಂದಕ್ಕೆ ಒತ್ತಿದರು.

"ಇನ್ನೊಂದೀಟು ಕೋಸಂಬರಿ ಹಾಕು."

ಆಯಿ ಅತಿಥಿಗಳ ಕಡೆ ತಿರುಗಿ, "ಊಟ ಮಾಡ್ರಿ, ಊಟ ಮಾಡ್ರಿ. ಇವ ಊರಿಗೇ ನಕಲಿ. ಮೊನ್ನಿ ನನ್ನ ಧ್ವನಿ ತೆಗದು ನಾ ಬೀಡಿ ಸೇದ್ತೇನಿ ಅಂದಿದ್ದ" ಅಂದರು. ಪಡಸಾಲೆಯೆಲ್ಲ ಮತ್ತೆ ನಗತೊಡಗಿತು, ಮೊದಲಿಗಿಂತ ಜೋರಾಗಿ. ಸೊಲ್ಲಾಪುರದ ಹಿರಿಯರು ನನ್ನ ಬೆನ್ನು ತಟ್ಟಿ, "ಹೋ, ಭಾಳ ಭಾರಿ ಮಾಡ್ತೀರಿ!" ಅಂದರು. ನಾನು ಬಾಯ್ಬಿಟ್ಟು ನಿಜ ಹೇಳಿದ್ದು ಅದೊಂದೇ ಸಲ, ನಂಬಿದವರು ಒಬ್ಬರೂ ಇಲ್ಲ. ಅಷ್ಟು ವರ್ಷ ಸುಳ್ಳು ಧ್ವನಿ ತೆಗೆದದ್ದಕ್ಕೆ ಸಿಕ್ಕ ಬಹುಮಾನ.

ಕಾಕಾ ಕೋಸಂಬರಿ ಹಾಕಿದರು. ಅವತ್ತಿನದು ಪೆರುವಿನದು.

ಎರಡು ದಿನ ಬಿಟ್ಟು ಕಾಕಾ ತರಕಾರಿಗೆಂದು ಅಫಜಲಪುರದ ಸಂತೆಗೆ ಹೋದಾಗ ಆಯಿ ನನ್ನನ್ನು ನಡುಮನೆಗೆ ಕರೆದರು. ನಾನು ಕೆಲಸದಿಂದ ಆಗಷ್ಟೇ ಬಂದಿದ್ದೆ, ಹೆಗಲಿಗೆ ಚೀಲ, ಚೀಲದ ಬದಿಗೆ ನೀರಿನ ಬಾಟಲಿ.

"ಕೈ ತೊಳಕೊಂಡಿಯೇನು?"

"ಇನ್ನಾ ಇಲ್ರಿ ಆಯಿ. ಹತ್ತು ಡಬ್ಬಿ ನೋಡಿ ಬಂದೀನಿ."

"ಬಾಟ್ಲಿ ಕೊಡಿಲ್ಲೆ."

ಕೊಟ್ಟೆ. ಆಯಿ ಮುಚ್ಚಳ ತಿರುಗಿಸಿ, ಬಾಟಲಿಯನ್ನು ಎತ್ತಿ ಕುಡಿಯದೆ, ತುಟಿಗೆ ಹಚ್ಚಿ ಕುಡಿದರು. ನಾನು ಇಡೀ ದಿನ ಎಂಜಲು ಮಾಡಿದ ಬಾಟಲಿ. ಸೆರಗಿನಿಂದ ಬಾಯಿ ಒರೆಸಿಕೊಂಡು ತಿರುಗಿ ಕೊಟ್ಟರು. ಮಡಿಯ ಸೀರೆಯುಟ್ಟ ಆ ಮುದುಕಿಯನ್ನು ನಾನು ದೆವ್ವ ಕಂಡವನ ಹಾಗೆ ನೋಡುತ್ತಿದ್ದೆ.

"ನನಗ ಯಾರ ಕೈದಾದ್ರೂ ನಡೀತದ. ಮೊದಲಿಂದಾನೂ ನಡೀತಿತ್ತು. ಅವ ಬಂದ ದಿನಾನೇ ಟ್ರಂಕ್ ತೆಗದು ನೋಡೀನಿ. ಕಾಗದ ಬರಿಯಾಂವ ಅರಿವ್ಯಾಗ ಸುತ್ತಿ ಮೊಳ ಉದ್ದ ಚಾಕು ಇಟ್ಕೊಂಡಿರ್ತಾನೇನು? ಅರಿವಿ ಮೂಸಿ ನೋಡಿದೆ. ತಾಯಿ ಇದ್ದೀನಿ, ಮಗನ ವಾಸನಿ ಗೊತ್ತಾಗಂಗಿಲ್ಲ?"

"ಮತ್ತ ಯಾಕ್ರಿ ಆಯಿ..."

"ದೊಡ್ಡಾಂವ ಹೋದ. ಇವನೊಬ್ಬ ಉಳದಾನ. ನಾ ಯಾರ ಕೈಲಾದ್ರೂ ಉಣ್ತೇನಿ ಅಂದ ದಿನ ಇವ ಬಸ್ ಹತ್ತತಾನ." ನನ್ನ ಮೊಣಕೈ ಹಿಡಿದರು. ಆ ಹಿಡಿತ ಎಂಬತ್ತರದಲ್ಲ. "ನೀ ಮಾತ್ರ ಹೇಳಬ್ಯಾಡ, ತಮ್ಮಾ. ಊರಿನವರ ಧ್ವನಿ ಎಲ್ಲಾ ತೆಗಿ, ಬ್ಯಾಡ ಅನ್ನಂಗಿಲ್ಲ. ಈ ನಡುಮನ್ಯಾಗಿನ ನನ್ನ ಧ್ವನಿ ತೆಗೀಬ್ಯಾಡ."

ತಿಂಗಳು ಮುಗಿಯಲು ಹನ್ನೊಂದು ದಿನವಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಊರೆಲ್ಲ ಕೇಳುವಂತೆ ಬೊಗಳುವ ನಾನು ಹನ್ನೊಂದು ದಿನವೂ ಅದನ್ನು ಬಾಯಿಯಲ್ಲಿ ಹೊರಳಿಸಿ ನುಂಗಿದೆ. ಮುದುಕಿಯ ಮಾತಿಗೆ ಕಟ್ಟುಬಿದ್ದೆ ಎಂದು ಬರೆದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಹಾಗಲ್ಲ. ಕಾಕಾ ಹೋದರೆ ಮಧ್ಯಾಹ್ನದ ಮೂರು ಗಂಟೆ ಯಾರ ಜೊತೆ? ಆ ಊರಲ್ಲಿ ನನ್ನ ನಕಲಿಗೆ ನಗುವವರು ನೂರು ಮಂದಿ, ತಿರುಗಿ ನನ್ನನ್ನು ನಗಿಸುವವರು ಅವರೊಬ್ಬರೇ. ಕೀಲಿಯನ್ನು ತಾಯಿ ಹಿಡಿದಿದ್ದರು, ನಿಜ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ನಾನು.

ಕೊನೆಯ ದಿನ ಕಾಕಾ ಟ್ರಂಕು ಬಿಚ್ಚಿದರು. ಬಟ್ಟೆಯ ಸುರುಳಿಯಿಂದ ಆ ಉದ್ದ ಚಾಕನ್ನು ತೆಗೆದು, ಮೂರು ಸಲ ತೊಳೆದು, ಅಡುಗೆಮನೆಯ ಮೊಳೆಗೆ ತೂಗುಹಾಕಿದರು.

ಆಯಿ ಬಂದು ನೋಡಿದರು. "ಛಲೋ ಚಾಕು ಅದ. ಎಲ್ಲೀದು?"

"ಸೊಲ್ಲಾಪುರದ್ದವ್ವಾ" ಅಂದರು ಕಾಕಾ.

"ಹೌದೇನು" ಅಂದರು ಆಯಿ.

ನಾನು ಮೂರನೆಯವನು, ನಡುವೆ ನಿಂತು ಗಜ್ಜರಿ ತಿನ್ನುತ್ತಿದ್ದೆ.

ಆ ಮೇಲೂ ಕಾಕಾ ಮೂರು ಗಂಟೆಯ ಕ್ಲಾಸು ನಿಲ್ಲಿಸಲಿಲ್ಲ. ಆದರೆ ದೇಶಗಳ ಹೆಸರು ಹೇಳುವುದು ಕಡಿಮೆಯಾಯಿತು. "ಇವತ್ತು ಯಾವ ಊರು ಕಾಕಾ?" ಎಂದರೆ, "ಮುಲ್ಲಂಗಿ" ಅನ್ನುತ್ತಿದ್ದರು. ಮರುವರ್ಷ ನನಗೆ ಜೇವರ್ಗಿಗೆ ವರ್ಗವಾಯಿತು. ಫೋನಿನಲ್ಲಿ ನಾನು ಅವರ ಧ್ವನಿಯಲ್ಲೇ "ಲೇ ನಕಲಿ" ಅನ್ನುತ್ತಿದ್ದೆ, ಅವರು ಇಲಿಮರಿಯಂತೆ "ಹೌದ್ರಿ ಸಾಹೇಬ್ರ" ಅನ್ನುತ್ತಿದ್ದರು. ಎರಡು ವರ್ಷ ಹಾಗೆ ನಡೆಯಿತು. ಹೋದ ತಿಂಗಳು ಮಧುಕರಿಯ ಹೊತ್ತಿಗೆ ಮುಂಚೆ, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಮಣೆಯ ಮೇಲೆ ಅರ್ಧ ಕೊಯ್ದ ಗಜ್ಜರಿ ಇತ್ತಂತೆ.

ಹದಿಮೂರನೆಯ ದಿನ ಹೋದೆ. ಯಡ್ರಾಮಿಯಿಂದ ಒಬ್ಬ ಅಡುಗೆಯವನನ್ನು ಗೊತ್ತುಮಾಡಿದ್ದರು. ಅಫಜಲಪುರದ ಮೊಮ್ಮಗಳು ಬಂದು ಮನೆ ಹಿಡಿದಿದ್ದಳು. ಆಯಿ ಅದೇ ಮೂಲೆಯ ಮಣೆಯ ಮೇಲೆ ಕೂತು, ಯಡ್ರಾಮಿಯವನು ಬಡಿಸಿದ್ದನ್ನು ಊಟ ಮಾಡುತ್ತಿದ್ದರು. ನಾನು ನೋಡಿದ್ದನ್ನು ನೋಡಿದರು. ಕೈ ತೊಳೆದ ಮೇಲೆ ನಡುಮನೆಗೆ ಕರೆದು ಕೂರಿಸಿಕೊಂಡರು.

"ಅವನ ಧ್ವನಿ ತೆಗಿ."

"ಆಯಿ, ಇವತ್ತ..."

"ತೆಗಿ ಅಂದೆ. ಮೀನಿಂದು ಹೇಳು. ಮೂರು ಗಂಟೆಕ್ಕ ನಾ ಮಲಗಿರ್ತಿದ್ದೆ ಅಂತ ತಿಳಿದಿದ್ರೇನು ಇಬ್ರೂ? ಸ್ವೀಡನ್ ನನಗ ಗೊತ್ತದ. ಜಪಾನ್ ಗೊತ್ತದ. ಆ ಹುಲಿಹಾಲಿಂದು ಹೇಳುಮುಂದ ನೀ ಕತ್ತಿ ಒದರಿದಂಗ ನಗಾಕತ್ತಿದ್ದಿ, ಮುಂದಿಂದು ಕೇಳಸ್ಲಿಲ್ಲ."

ತೆಗೆದೆ. ಲಿಂಬೆಹಣ್ಣು ಹಿಂಡಿದೆ, ಮೀನನ್ನು ಒಲೆಯಿಲ್ಲದೆ ಬೆಳ್ಳಗೆ ಮಾಡಿದೆ. ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಕೊಯ್ಯುವ ಭಾಗ ಬಂತು. ಉಸಿರು ಹಿಡಿದೆ, ಬಿಟ್ಟೆ, "ಮೀನಿಗೆ ಎರಡನೇ ಸಲ..." ಅಂದೆ.

"ಅಲ್ಲಲ್ಲ" ಅಂದರು ಆಯಿ, ಕಣ್ಣು ತೆರೆಯದೆ. "ಅದಕ್ಕ ಮೊದಲು ಗಂಟಲು ಸರಿ ಮಾಡ್ಕೋತಿದ್ದ."

ಮತ್ತೆ ಮೊದಲಿನಿಂದ ಮಾಡಿದೆ. ಜೇವರ್ಗಿಯ ಬಸ್ಸಿನ ಹೊತ್ತಾಗಿತ್ತು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡೆ.

"ಮುಂದಿನ ಐತವಾರ ಬಾ. ಆ ಟವೆಲ್ ಬಾಯಾಗ ಇಟ್ಕೊಂಡು ತೋರಿಸಿದ್ದು ನಾ ನೋಡಿಲ್ಲ. ಬರೇ ನೀವು ನಗೂದು ಕೇಳೀನಿ."

"ಪ್ರತಿ ಐತವಾರ ಬರೂದು ಆಗಂಗಿಲ್ರಿ ಆಯಿ. ಇವತ್ತು ಹದಿಮೂರು ದಿನದ್ದಂತ ಬಂದೀನಿ."

ಆಯಿ ಕಣ್ಣು ತೆರೆದರು.

"ಅವನೂ ಹದಿಮೂರು ದಿನಕ್ಕಂತs ಬಂದಿದ್ದ."

ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಮಾತಿಗೆ ಮೊದಲು ನನ್ನ ಗಂಟಲು ತಾನಾಗಿಯೇ ಒಮ್ಮೆ ಸರಿಯಾಯಿತು.